ವಯೋಸಹಜ

ಫೆಬ್ರವರಿ 11

ಅಪ್ಪ,

ನಾನು ಬಂದು ತಲುಪಿ ಮೂರು ದಿನವಾಯಿತು. ಕಾರ್ಡುಗಳ ಹದಿನಾಲ್ಕು ಪೆಟ್ಟಿಗೆಗಳೂ ಬಂದಿವೆ. ಒಂದರ ತಳ ಒದ್ದೆಯಾಗಿದೆ, ಒಳಗಿನವು ಕ್ಷೇಮ. ಕಾಗದದ ಕಾರ್ಖಾನೆಯ ದವಾಖಾನೆಯಲ್ಲಿ ನಲವತ್ತೊಂದು ವರ್ಷ ನೀವು ಬರೆದಿಟ್ಟ ಈ ಕಾರ್ಡುಗಳಿಂದ ಅರವತ್ತು ದಾಟಿದವರದ್ದನ್ನು ನಮ್ಮ ಆಸ್ಪತ್ರೆಯ ವೃದ್ಧರ ವಿಭಾಗಕ್ಕಾಗಿ ಬೇರೆ ತೆಗೆಯುತ್ತಿದ್ದೇನೆ. ಒಂದೇ ಕಡೆ ದುಡಿದ ಜನ ಹೇಗೆ ಮುದುಕರಾದರು ಎಂದು ನೋಡುವ ಆಸೆ. ಬಹಳ ಕಾರ್ಡುಗಳ ಕೊನೆಗೆ 'ವ.ಸ.' ಎಂದಿದೆ. ಏನದು?

ಈಗ ಬರೆಯಬೇಕಾದದ್ದು. ನಾನು ಹೊರಟ ದಿನ ನೀವು ಬಾಗಿಲ ತನಕ ಬಂದಿರಿ, ಹೊಸ್ತಿಲ ಹತ್ತಿರ ನಿಂತುಬಿಟ್ಟಿರಿ. ಏನೋ ಹೇಳುವುದಿದೆ ಎಂದುಕೊಂಡು ನಾನೂ ನಿಂತೆ. ನೀವು ನನ್ನನ್ನು ನೋಡುತ್ತಿರಲಿಲ್ಲ, ನಿಮ್ಮ ಕಾಲನ್ನು ನೋಡುತ್ತಿದ್ದಿರಿ. ಅದು ಏಳಲೊಲ್ಲದು. ಆಮೇಲೆ ಗೋಡೆ ಹಿಡಿದು ಸಣ್ಣಸಣ್ಣ ಹೆಜ್ಜೆಯಲ್ಲಿ, ನೆಲ ಉಜ್ಜುತ್ತ ತಿರುಗಿದಿರಿ.

ತಲೆಯ ಒಂದು ಸ್ಕ್ಯಾನ್ ಆಗಬೇಕು. ಅರ್ಧ ಗಂಟೆಯ ಕೆಲಸ. ಮಿದುಳಿನೊಳಗಿನ ಪೊಳ್ಳುಗಳಲ್ಲಿ ನೀರು ಹೆಚ್ಚಾದರೆ ಮೊದಲು ಕಾಲು ಹೀಗೆ ಅಂಟುತ್ತದೆ. ಮುಂದೆ ಮೂತ್ರ, ಮರೆವು. ನೀರಿಗೊಂದು ನಳಿಕೆಯ ದಾರಿ ಮಾಡಿಕೊಟ್ಟರೆ ಎಷ್ಟೋ ಜನ ಮತ್ತೆ ನಡೆಯುತ್ತಾರೆ. ತಡವಾದರೆ ಇಲ್ಲ. ಅದೇ ಎಂದು ನಾನು ಹೇಳುತ್ತಿಲ್ಲ. ಅದು ಅಲ್ಲ ಎಂದು ಗೊತ್ತಾಗಲಿ.

ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಅಥವಾ ಬೇಡದ್ದು ಕೇಳಿಸುವುದಿಲ್ಲ. ಅದಕ್ಕೇ ಬರೆದೆ.

ನಿಮ್ಮ ಮಗಳು


ಫೆಬ್ರವರಿ 20

ಡಾಕ್ಟರಮ್ಮನವರಿಗೆ,

ಎಪ್ಪತ್ತೊಂಬತ್ತು ವರ್ಷದ ಮನುಷ್ಯ ಹೊಸ್ತಿಲಲ್ಲಿ ನಿಂತ ಎಂಬುದು ಸುದ್ದಿಯಲ್ಲ. ಹಾರಿದ ಎಂದಿದ್ದರೆ ಬರೆಯಬಹುದಿತ್ತು.

'ವ.ಸ.' ಎಂದರೆ ವಯೋಸಹಜ. ಅರವತ್ತು ದಾಟಿದವರು ಬಂದು ಮಂಡಿ ನೋವು, ಕಣ್ಣು ಮಂಜು, ನಿದ್ದೆ ಇಲ್ಲ ಎಂದರೆ ನಾನು ಕೈ ಹಿಡಿದು ನಾಡಿ ನೋಡಿ ಆ ಎರಡಕ್ಷರ ಬರೆಯುತ್ತಿದ್ದೆ. ಕಂಪೌಂಡರ್ ಅದನ್ನು ಕಂಡ ಕೂಡಲೇ ತುಟಿ ಬಿಚ್ಚದೆ ಕೆಂಪು ಔಷಧಿಯ ಬಾಟಲಿ ತುಂಬಿಸುತ್ತಿದ್ದ. ಕಬ್ಬಿಣ, ಸಕ್ಕರೆ, ಬಣ್ಣ. ಅವರು 'ಏನೂ ಇಲ್ಲವಂತೆ, ವಯಸ್ಸಂತೆ' ಎಂದು ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು. ನೀವು ಈಗ ಪ್ರತಿಯೊಬ್ಬರ ಕೈಗೂ ಒಂದೊಂದು ರೋಗದ ಹೆಸರು ಕೊಟ್ಟು ಕಳಿಸುತ್ತೀರಿ. ಯಾರ ನಿದ್ದೆ ಚೆನ್ನಾಗಿರುತ್ತದೆ, ಹೇಳು.

ಕಂಪೌಂಡರ್ ಈಗಲೂ ದಿನಾ ನಾಲ್ಕಕ್ಕೆ ಚದುರಂಗಕ್ಕೆ ಬರುತ್ತಾನೆ. ನಿನ್ನ ಪತ್ರದ ವಿಷಯ ಹೇಳಿದೆ. "ಏನ್ ಸಾರ್, ಮಗಳು ನಿಮ್ಮನ್ನ ರಿಪೇರಿಗೆ ಕರೀತಾರಂತೆ?" ಎಂದ. "ಗ್ಯಾರಂಟಿ ಮುಗಿದ ಸಾಮಾನು ಕಣಯ್ಯ, ಒಳಗೇ ಸೇರಿಸಲ್ಲ" ಎಂದೆ. ನಕ್ಕ. ನಗುತ್ತಲೇ ನನ್ನ ಆನೆ ಹೊಡೆದ.

ಸ್ಕ್ಯಾನ್ ಬೇಡ. ಕಾಲಿಗೆ ವ.ಸ. ಎಂದು ನಾನೇ ಬರೆದುಕೊಂಡಿದ್ದೇನೆ.

ನಿನ್ನ ಅಪ್ಪ


ಮಾರ್ಚ್ 9

ಅಪ್ಪ,

ಯಾರ ನಿದ್ದೆ ಚೆನ್ನಾಗಿರುತ್ತದೆ ಎಂದು ಕೇಳಿದಿರಿ. ಹೇಳುತ್ತೇನೆ. ಬೇಕರಿಯಲ್ಲಿ ನಲವತ್ತು ವರ್ಷ ಹಿಟ್ಟು ನಾದಿದ ಹೆಂಗಸೊಬ್ಬಳು ನಮ್ಮಲ್ಲಿಗೆ ಬರುತ್ತಾಳೆ. ಅವಳ ಫೈಲಿನಲ್ಲಿ ಏಳು ರೋಗಗಳ ಹೆಸರುಗಳಿವೆ, ಹನ್ನೊಂದು ಗುಳಿಗೆಗಳಿವೆ. ಮೊನ್ನೆ ಎಂಟನೆಯದನ್ನು ಹೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. "ಡಾಕ್ಟ್ರೇ, ನಾನು ಸುಮ್ನೆ ಮುದುಕಿ ಆಗೋ ಹಾಗೇ ಇಲ್ವಾ?" ಎಂಟನೆಯದನ್ನು ನಾನು ಬರೆಯಲಿಲ್ಲ. ಆದ್ದರಿಂದ ನೀವು ಪೂರ್ತಿ ತಪ್ಪು ಎಂದು ನಾನು ಹೇಳಲಾರೆ.

ಆದರೆ ನಿಮ್ಮ ಕಾರ್ಡುಗಳನ್ನೂ ಓದುತ್ತಿದ್ದೇನೆ. ಒಬ್ಬ ಬಾಯ್ಲರ್ ಕೆಲಸಗಾರ. ಎರಡೂ ಕಿವಿ ಕೇಳುವುದಿಲ್ಲ, ವ.ಸ. ಅವನು ಮೂವತ್ತು ವರ್ಷ ನಿಂತದ್ದು ಬಾಯ್ಲರಿನ ಪಕ್ಕದಲ್ಲಿ. ಅವನ ವಾರಗೆಯ ಗುಮಾಸ್ತರ ಕಾರ್ಡುಗಳಲ್ಲಿ ಕಿವಿಯ ಮಾತೇ ಇಲ್ಲ. ಬಾಯ್ಲರ್ ಮಾಡಿದ್ದನ್ನು ವಯಸ್ಸು ತನ್ನ ಮೇಲೆ ಹಾಕಿಕೊಂಡಿತು.

ನಿಮ್ಮ ಕಾಲಿನದ್ದನ್ನು ಯಾರು ಮಾಡುತ್ತಿದ್ದಾರೆ ಎಂದು ನೋಡೋಣ. ಅರ್ಧ ಗಂಟೆ, ಅಪ್ಪ.

ಮಗಳು


ಮಾರ್ಚ್ 17

ಮಗಳೇ,

ಬಾಯ್ಲರಿನವನು ನೆನಪಿದ್ದಾನೆ. ಬಾಗಿಲಿನಿಂದಲೇ ಕೂಗಿ ಮಾತಾಡುತ್ತಿದ್ದ, ಹೋಗುವಾಗ "ನಿಮ್ಮ ದನಿ ಯಾಕೋ ಇಳಿದಿದೆ ಡಾಕ್ಟ್ರೇ, ನೋಡ್ಕೊಳ್ಳಿ" ಎಂದು ನನಗೇ ಹೇಳಿ ಹೋಗುತ್ತಿದ್ದ. ಅವನನ್ನು ಎಲ್ಲಿಗೆ ಕಳಿಸಬೇಕಿತ್ತು? ಕಿವಿಯ ಯಂತ್ರ ಇರಲಿಲ್ಲ, ಬೇರೆ ಕೆಲಸ ಇರಲಿಲ್ಲ, ಕೇಳುವ ಮೇಲಧಿಕಾರಿ ಇರಲಿಲ್ಲ. ರೋಗದ ಹೆಸರು ಹೇಳಿ ಕೈ ಕಟ್ಟಿ ಕೂರುವುದಕ್ಕಿಂತ ವಯಸ್ಸು ಎನ್ನುವುದು ಮರ್ಯಾದೆ. ನಮ್ಮ ಕಾಲದಲ್ಲಿ ಮುಪ್ಪು ಬಂದವನು ಕೂರುತ್ತಿದ್ದ, ಸುತ್ತಲಿನವರು ಅವನಿಗೆ ಕುರ್ಚಿ ಕೊಡುತ್ತಿದ್ದರು. ಈಗ ಅವನನ್ನು ಎಬ್ಬಿಸಿ ಓಡಿಸುತ್ತೀರಿ, ಓಡದಿದ್ದರೆ ರೋಗಿ ಎನ್ನುತ್ತೀರಿ.

ಈ ವಿಷಯ ಇಲ್ಲಿಗೆ ಸಾಕು. ಬೇರೆ ಏನಾದರೂ ಬರೆ. ಅಲ್ಲಿ ಬಿಸಿಲು ಹೇಗಿದೆ?

ಅಪ್ಪ


ಏಪ್ರಿಲ್ 26

ಪುಟ್ಟಿ,

ಕೆಳಗಿನ ಮನೆಯಿಂದ ನಿನ್ನ ಚಿಕ್ಕಮ್ಮ ಬರೆಯುವುದು. ನಾನು ಬರೆದೆ ಎಂದು ನಿನ್ನಪ್ಪನಿಗೆ ಗೊತ್ತಾದರೆ ನನ್ನನ್ನು ಮನೆಗೆ ಸೇರಿಸುವುದಿಲ್ಲ, ಆದ್ದರಿಂದ ಬಾಯಿ ಬಿಡಬೇಡ.

ಭಾವ ಹೋದ ಮಂಗಳವಾರ ಮೆಟ್ಟಿಲಲ್ಲಿ ಬಿದ್ದರು. ಮೂರೇ ಮೆಟ್ಟಿಲು, ಮೊಣಕೈ ತರಚಿದೆ, ಅಷ್ಟೇ. ಸದ್ದು ಕೇಳಿ ಓಡಿ ಹೋದರೆ ಅಲ್ಲೇ ಕೂತು ಪೇಪರ್ ಓದುತ್ತಿದ್ದಾರೆ! "ಇದೇನು ಭಾವ, ಮೆಟ್ಟಿಲ ಮೇಲೆ?" ಎಂದೆ. "ಬೆಳಕು ಚೆನ್ನಾಗಿದೆ" ಎಂದರು. ಪೇಪರ್ ತಲೆಕೆಳಗಾಗಿತ್ತು. ನಗು ಬಂತು, ಆಮೇಲೆ ಬರಲಿಲ್ಲ.

ಇನ್ನೊಂದು, ಹೇಗೆ ಬರೆಯಲಿ. ಹಾಸಿಗೆಯ ಬಟ್ಟೆಯನ್ನು ಈಗ ತಾವೇ ಒಗೆದುಕೊಳ್ಳುತ್ತಾರೆ. ಒಂದು ಲೋಟ ತೊಳೆದವರಲ್ಲ ಈ ಮನುಷ್ಯ. ನಾನು ಕೇಳಲಿಲ್ಲ. ಕೇಳಿದರೆ ಇಬ್ಬರಿಗೂ ಮುಖ ಎತ್ತಿಕೊಂಡು ತಿರುಗಲಾಗುವುದಿಲ್ಲ.

ಆ ನಡಿಗೆ ನೋಡಿದರೆ ನನಗೆ ಒಳಗೊಳಗೇ ಏನೋ ಆಗುತ್ತದೆ. ನೆಲಕ್ಕೆ ಗೋಂದು ಹಚ್ಚಿದ ಹಾಗೆ. ಅಕ್ಕನೂ ಕೊನೆಕೊನೆಗೆ ಹೀಗೇ ನಡೆಯುತ್ತಿದ್ದಳಲ್ಲವೇ? ಅವಳಿಗೂ ಭಾವನೇ ಔಷಧಿ ಕೊಡುತ್ತಿದ್ದರು. ಗಂಡ ಹೆಂಡಿರಿಗೆ ನಡಿಗೆಯೂ ಒಂದೇ ಆಗುತ್ತದೆಯೋ ಏನೋ. ನೀನು ಓದಿದವಳು, ನೀನೇ ಹೇಳಬೇಕು.

ಒಂದು ಸಲ ಬಂದು ಹೋಗು.

ಚಿಕ್ಕಮ್ಮ


ಮೇ 28

ಅಪ್ಪ,

ಈ ಪತ್ರವನ್ನು ಕೂತು ಓದಿ.

ಇದುವರೆಗೆ ನಾನು ಕಾರ್ಖಾನೆಯ ಕೆಲಸಗಾರರ ಪೆಟ್ಟಿಗೆಗಳನ್ನು ಮಾತ್ರ ತೆರೆದಿದ್ದೆ. ಹನ್ನೆರಡನೆಯದರಲ್ಲಿ ಮನೆಮಂದಿಯ ಕಾರ್ಡುಗಳಿವೆ ಎಂದು ಮೇಲೇ ಬರೆದಿತ್ತು. ತೆರೆದಿರಲಿಲ್ಲ. ಏಕೆ ಎಂದು ನನ್ನನ್ನು ಕೇಳಬೇಡಿ. ಈ ತಿಂಗಳ ಮೊದಲಲ್ಲಿ ತೆರೆದೆ. ಅಮ್ಮನ ಕಾರ್ಡು ಅದರಲ್ಲಿತ್ತು. ಸಾಲುಗಳನ್ನು ಇದ್ದ ಹಾಗೇ ಇಳಿಸುತ್ತೇನೆ, ನಿಮ್ಮದೇ ಕೈಬರಹದವು:

ವಯಸ್ಸು 61. ನಡಿಗೆ ನಿಧಾನ. ಕಾಲು ನೆಲಕ್ಕೆ ಅಂಟಿದಂತೆ ಎನ್ನುತ್ತಾಳೆ. ವ.ಸ.
62. ಮೂತ್ರ ತಡೆಯಲಾಗುತ್ತಿಲ್ಲ. ವ.ಸ.
62. ಮರೆವು. ನಂಬರುಗಳು ನೆನಪಾಗುತ್ತಿಲ್ಲ. ವ.ಸ.
63. ತಿರುಗುವಾಗ ಬಿದ್ದಳು. ಪೆಟ್ಟಿಲ್ಲ. ವ.ಸ.

ಆಮೇಲೆ ಸಾಲುಗಳಿಲ್ಲ. ಅರವತ್ತನಾಲ್ಕಕ್ಕೆ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದದ್ದು, ಐದು ವಾರ ಮಲಗಿದ್ದದ್ದು, ಕಾರ್ಡಿನಲ್ಲಿ ಇಲ್ಲ.

ಮೂರನೆಯ ಸಾಲನ್ನು ಬಹಳ ಸಲ ಓದಿದೆ. ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮುನ್ನೂರು ನಂಬರುಗಳನ್ನು ಪುಸ್ತಕ ನೋಡದೆ ಜೋಡಿಸುತ್ತಿದ್ದವಳು. ಅವಳಿಗೆ ಆಗ ಅರವತ್ತೆರಡು. ನನಗೆ ಈಗ ಐವತ್ತೆರಡು.

ಇದನ್ನು ನಿಮಗೆ ತಿಳಿಸಬಾರದೆಂದು ಮೂರು ವಾರ ಸುಮ್ಮನಿದ್ದೆ. ನಿಮ್ಮ ಕಾಲು ಸರಿಯಿದ್ದಿದ್ದರೆ ಯಾವತ್ತೂ ತಿಳಿಸುತ್ತಿರಲಿಲ್ಲ. ಪೆಟ್ಟಿಗೆ ಮುಚ್ಚಿ ಹಾಗೇ ಇರುತ್ತಿದ್ದೆ. ಆದರೆ ನಿಮಗೂ ಕಾಲು ಅಂಟುತ್ತಿದೆ, ಮುಂದಿನದೂ ಶುರುವಾಗಿದೆ ಎಂದು ನನಗೆ ಗೊತ್ತು, ಹೇಗೆ ಗೊತ್ತು ಎಂದು ಕೇಳಬೇಡಿ. ಅದೇ ಸಾಲುಗಳು ಮತ್ತೆ ಬರುತ್ತಿವೆ. ಕಾರ್ಡಿನಲ್ಲಿಲ್ಲದ ಆ ಕೊನೆಯದು ಬರುವ ಮುಂಚೆ ಸ್ಕ್ಯಾನ್ ಮಾಡಿಸಿ.

ಕೋಪವಿದ್ದರೆ ಮಾಡಿಸಿದ ಮೇಲೆ ಬೈಯಿರಿ.

ಮಗಳು


ಜೂನ್ 4

ಕಾರ್ಡು ನೋಡಿ ರೋಗ ಹೇಳಬಾರದು ಎಂದು ನಿಮಗೆ ಕಾಲೇಜಿನಲ್ಲಿ ಕಲಿಸಲಿಲ್ಲವೇ. ನಾಲ್ಕು ಸಾಲಿಗೆ ನಲವತ್ತು ಕಾರಣಗಳಿರಬಹುದು.

ನಾನೊಬ್ಬನೇ ಡಾಕ್ಟರಾಗಿರಲಿಲ್ಲ ಆ ಮನೆಯಲ್ಲಿ. ನೀನೂ ಬಂದು ಹೋಗುತ್ತಿದ್ದೆ. ನೀನೂ ಅವಳನ್ನು ನೋಡಿದ್ದೆ.

ಪೆಟ್ಟಿಗೆಗಳನ್ನು ವಾಪಸ್ ಕಳಿಸು.

ಕಾರ್ಖಾನೆ ದವಾಖಾನೆಯ ನಿವೃತ್ತ ವೈದ್ಯ


ಜೂನ್ 13

ಅಪ್ಪ,

ಹೌದು, ನೋಡಿದ್ದೆ.

ಅಮ್ಮ ಹೋಗುವ ಹಿಂದಿನ ವರ್ಷ ಎರಡು ದಿನದ ಮಟ್ಟಿಗೆ ಬಂದಿದ್ದೆ. ಆಗ ನಾನು ಮಕ್ಕಳ ವಾರ್ಡಿನಲ್ಲಿದ್ದೆ. ಹೊರಡುವ ದಿನ ಅವಳು ಸ್ಟೇಷನ್ನಿಗೆ ಬರುತ್ತೇನೆಂದು ಹಟ ಹಿಡಿದಳು. ರೈಲು ತಪ್ಪುತ್ತದೆ ಎಂದು ನಾನು ಮುಂದೆ ಮುಂದೆ. ತಿರುಗಿ ನೋಡಿದರೆ ಟಿಕೆಟ್ ಕಿಟಕಿಯ ಮುಂದೆ, ಜನರ ನಡುವೆ, ನಿಂತುಬಿಟ್ಟಿದ್ದಾಳೆ. "ಬೇಗ ಬಾಮ್ಮ" ಎಂದೆ. "ಕಾಲು ಮಾತು ಕೇಳ್ತಿಲ್ಲ ಕಣೇ" ಎಂದಳು. "ವಯಸ್ಸಾಯ್ತು, ಬಿಡು. ಇಲ್ಲೇ ಕೂತಿರು, ನಾನು ಹೋಗ್ತೀನಿ" ಎಂದೆ. ನೀವು ಕಾರ್ಡಿನಲ್ಲಿ ಬರೆದದ್ದನ್ನು ನಾನು ಬಾಯಲ್ಲಿ ಹೇಳಿದೆ. ಅಷ್ಟೇ ವ್ಯತ್ಯಾಸ. ನನ್ನದು ದಾಖಲಾಗಲಿಲ್ಲ.

ಮಕ್ಕಳ ವಾರ್ಡು ಬಿಟ್ಟು ನಲವತ್ತರ ಮೇಲೆ ಮುದುಕರ ವಿಭಾಗಕ್ಕೆ ಏಕೆ ಬಂದೆ ಎಂದು ನೀವು ಕೇಳಲಿಲ್ಲ. ಕೇಳಿದ್ದರೂ ಬೇರೆ ಏನಾದರೂ ಹೇಳುತ್ತಿದ್ದೆ.

ಅವಳಿಗೆ ಅದೇ ಇತ್ತೆಂದು ನಾನು ಆಣೆ ಮಾಡಲಾರೆ. ಯಾರೂ ಮಾಡಲಾರರು. ನೀವು ಸ್ಕ್ಯಾನ್ ಬೇಡವೆನ್ನುವುದು ಅದಕ್ಕೇ ಇರಬಹುದೇ ಎಂದು ಯೋಚಿಸುತ್ತೇನೆ. ವಯಸ್ಸು ಎಂದರೆ ಯಾರ ತಪ್ಪೂ ಇಲ್ಲ. ನೀವು ಎದ್ದು ನಡೆದುಬಿಟ್ಟರೆ, ಅವಳೂ ನಡೆಯಬಹುದಿತ್ತು ಎಂದಾಗುತ್ತದೆ. ನಡೆಯದೆ ಉಳಿದು ನೀವು ಯಾರನ್ನು ಕಾಪಾಡುತ್ತಿದ್ದೀರಿ? ಅವಳನ್ನಂತೂ ಅಲ್ಲ.

ಪೆಟ್ಟಿಗೆಗಳನ್ನು ಕಳಿಸುವುದಿಲ್ಲ.

ಮಗಳು


ಆಗಸ್ಟ್ 2

ಮಗಳೇ,

ಸ್ಕ್ಯಾನ್ ಜುಲೈ ಎರಡನೇ ವಾರ ಆಯಿತು. ಕಂಪೌಂಡರ್ ಜೊತೆಗಿದ್ದ. ನೀರು ಇದೆ. ಚಿತ್ರವನ್ನು ಬೆಳಕಿಗೆ ಹಿಡಿದು ನಾನೇ ನೋಡಿದೆ, ಯಾರೂ ವಿವರಿಸಬೇಕಾಗಿರಲಿಲ್ಲ.

ನಿನ್ನೆ ಇನ್ನೊಂದು ಪರೀಕ್ಷೆ. ನಿನಗೆ ಗೊತ್ತಿರುವುದೇ. ಬೆನ್ನಿಗೆ ಸೂಜಿ ಹಾಕಿ ಒಂದಿಷ್ಟು ನೀರು ತೆಗೆಯುತ್ತಾರೆ, ತೆಗೆಯುವ ಮೊದಲೂ ಆಮೇಲೂ ನಡೆಸಿ ನೋಡುತ್ತಾರೆ. ಆಸ್ಪತ್ರೆಯ ಉದ್ದನೆಯ ಓಣಿ, ನೆಲದ ಮೇಲೆ ಹತ್ತು ಮೀಟರಿಗೆ ಹಳದಿ ಪಟ್ಟಿ ಅಂಟಿಸಿದ್ದಾರೆ. ಬೆಳಿಗ್ಗೆ ಮೂವತ್ತೊಂದು ಸೆಕೆಂಡು. ಪಟ್ಟಿಯ ಹತ್ತಿರ ಬಂದಾಗ ಕಾಲು ನಿಂತಿತು, ಸೊಂಟಕ್ಕೆ ಕೈ ಕೊಟ್ಟು ದಾಟಿಸಿದರು. ನೀರು ತೆಗೆದು ಮಲಗಿಸಿ, ಮಧ್ಯಾಹ್ನ ಮತ್ತೆ ಎಬ್ಬಿಸಿದರು. ಹದಿನೇಳು.

ಗಡಿಯಾರ ಹಿಡಿದ ಹುಡುಗಿ "ಸೂಪರ್ ತಾತ! ಇನ್ನೊಂದ್ ಸಲ ತೋರ್ಸಿ" ಎಂದು ಕುಣಿದಳು. ಕಂಪೌಂಡರ್ ಚಪ್ಪಾಳೆ ತಟ್ಟಿದ. ಎರಡು ಸಲ ತಟ್ಟಿ ನನ್ನ ಮುಖ ನೋಡಿ ನಿಲ್ಲಿಸಿದ. ಅವನಿಗೂ ಆ ಹೊತ್ತಿಗೆ ಹೊಳೆದಿರಬೇಕು. ನಿನ್ನ ಅಮ್ಮನ ಬಾಟಲಿಗಳನ್ನು ತುಂಬಿಸಿದ್ದು ಅವನೇ. ನಾನು ಓಣಿಯ ಆ ತುದಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತೆ. "ತಿರುಗೋಕೆ ಆಗ್ತಿಲ್ವಾ ತಾತ?" ಎಂದು ಹುಡುಗಿ ಓಡಿ ಬಂದಳು. ಆಗುತ್ತಿತ್ತು. ಚೆನ್ನಾಗಿಯೇ ಆಗುತ್ತಿತ್ತು.

ನಿನ್ನ ಊಹೆ ಅರ್ಧ ಸರಿ. ಉಳಿದರ್ಧ ನಿನಗೆ ಗೊತ್ತಿಲ್ಲ. ಗೊತ್ತಿಲ್ಲದೆ ನೀನು ನನ್ನ ಪಕ್ಕ ಬಂದು ಕೂರುವುದು ಬೇಡ.

ಅವಳು ಹೋಗುವ ಹನ್ನೊಂದು ತಿಂಗಳ ಮುಂಚೆ ನನಗೆ ತಿಳಿದಿತ್ತು. ಅಂಚೆಯಲ್ಲಿ ಬರುತ್ತಿದ್ದ ವೈದ್ಯಪತ್ರಿಕೆಯಲ್ಲಿ ಇದೇ ನೀರಿನ ಬಗ್ಗೆ ಆರು ಪುಟದ ಲೇಖನ. ಊಟದ ಮೇಜಿನಲ್ಲಿ ಓದುತ್ತಿದ್ದೆ. ಎದುರಿಗೆ ಅವಳು ಸ್ವೆಟರಿನ ಗುಂಡಿ ಹಾಕಲು ಹೆಣಗುತ್ತಿದ್ದಳು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನಾನು ಓದುತ್ತಿರುವುದು ಯಾರನ್ನು ಎಂದು ತಿಳಿಯಿತು. ಪೂರ್ತಿ ಓದಿದೆ. ಮಡಚಿಟ್ಟು ಅವಳ ಗುಂಡಿ ಹಾಕಿದೆ.

ಅರವತ್ತಮೂರಕ್ಕೆ ತಲೆ ಕೊರೆಸಿ ನಳಿಕೆ ಹಾಕಿಸುವುದೇ, ಜನ ಏನೆಂದಾರು, ಎಂದುಕೊಂಡೆ. ಕೇಳಿದ್ದರೆ ಎಲ್ಲರೂ ಬೇಡವೆನ್ನುತ್ತಿದ್ದರು, ಆಗ ವಯಸ್ಸನ್ನು ಹಾಗೇ ಎಣಿಸುತ್ತಿದ್ದೆವು. ಇದು ನಾನು ಹದಿನೈದು ವರ್ಷ ನನಗೆ ಹೇಳಿಕೊಂಡ ಕಾರಣ. ಸುಳ್ಳಲ್ಲ, ಆದರೆ ಅದರ ಕೆಳಗೆ ಇನ್ನೊಂದಿದೆ. ನಿನ್ನ ಅಮ್ಮ ಯಾವಾಗಲೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ನಲವತ್ತು ವರ್ಷ ನಾನು ಅವಳ ಬೆನ್ನು ನೋಡಿಕೊಂಡು ನಡೆದೆ. ಅವಳಿಗೆ ನಂಬರುಗಳಿದ್ದವು, ಗೆಳತಿಯರಿದ್ದರು, ಪಾಳಿ ಮುಗಿದ ಮೇಲೂ ಕೆಲಸಗಳಿದ್ದವು. ಆ ಕೊನೆಯ ವರ್ಷಗಳಲ್ಲಿ ಅವಳು ನನ್ನ ತೋಳು ಹಿಡಿದು ನಡೆದಳು. ನಾನು ದವಾಖಾನೆಯಿಂದ ಬರುವುದನ್ನೇ ಕಾದು ಕಿಟಕಿಯಲ್ಲಿ ಕೂತಿರುತ್ತಿದ್ದಳು. ನಾವಿಬ್ಬರೂ ಜೊತೆಗೆ ನಡೆದದ್ದು ಆಗಲೇ. ನನಗೆ ಅದು ಹಿತವಾಗಿತ್ತು.

ಬರೆದಾಯಿತು.

ಶಸ್ತ್ರಚಿಕಿತ್ಸೆ ಈ ತಿಂಗಳ ಹನ್ನೆರಡಕ್ಕೆ. "ಈ ವಯಸ್ಸಿನಲ್ಲಿ ನಿಮ್ಮಿಷ್ಟ" ಎಂದರು. ಸಹಿ ಮಾಡಿದ್ದೇನೆ. ನೀನು ಬಂದರೂ ಬರದಿದ್ದರೂ ಅದು ನಡೆಯುತ್ತದೆ. ವಾರ್ಡಿಗೆ ಹೊರಗಿನವರನ್ನು ಬಿಡುವುದು ನಾಲ್ಕರಿಂದ ಆರು.

ಅಪ್ಪ


ಆಗಸ್ಟ್ 8

ಅಪ್ಪ,

ನಿಮ್ಮ ಪತ್ರ ಬಂತು. ನಿನ್ನೆ ಉತ್ತರ ಬರೆಯಲು ಕೂತೆ. ಕ್ಷಮಿಸಿದ್ದೇನೆ ಎಂದು ಬರೆಯಬೇಕೆಂದಿದ್ದೆ. ಕೈ ಏಳಲಿಲ್ಲ. ಕ್ಷಮಿಸುವುದಿಲ್ಲ ಎಂದು ಬರೆಯಲು ನೋಡಿದೆ, ಅದೂ ಆಗಲಿಲ್ಲ.

ಹನ್ನೊಂದರ ಸಂಜೆಯ ರೈಲಿಗೆ ಟಿಕೆಟ್ ಸಿಕ್ಕಿದೆ. ನಾನು ಹೊರಗಿನವಳಲ್ಲ. ನಾಲ್ಕು ಗಂಟೆಗಲ್ಲ, ಹನ್ನೆರಡರ ಬೆಳಿಗ್ಗೆಯೇ ಅಲ್ಲಿರುತ್ತೇನೆ.

ಮಗಳು